ಕಲ್ಲುಗಟ್ಟಿದ ಲಸಿಕೆ

ಸೊನ್ನೆ ಕಂಡರೆ ನನಗೆ ಭಯ. ತುಮಕೂರಿನ ಆರೋಗ್ಯ ಇಲಾಖೆಯ ಕಚೇರಿಯೊಂದರಲ್ಲಿ ರೋಗ ವರದಿಗಳ ಮೇಜು ನನ್ನ ಪಾಲಿಗೆ ಬಂದ ಮೇಲೆ ಪ್ರತಿ ಸೋಮವಾರ ಆಸ್ಪತ್ರೆಗಳಿಂದ ಫೋನಿನಲ್ಲಿ ಬರುತ್ತಿದ್ದುದು ಅದೊಂದೇ.

“ಕಾಮಾಲೆ?”

“ನಿಲ್ ಮೇಡಂ.”

“ವಾಂತಿಭೇದಿ?”

“ನಿಲ್.”

“ಸಿಬ್ಬಂದಿಯಲ್ಲಿ ಯಾರಾದ್ರೂ ಸೂಜಿ ಚುಚ್ಚಿಕೊಂಡಿದಾರಾ?”

ಆ ಕಡೆಯಿಂದ ನಗು. “ಅದೂ ನಿಲ್ಲೇ ಬರ್ಕೊಳ್ಳಿ ಮೇಡಂ.”

ರೋಗ ಹೆಚ್ಚಾದರೆ ಚಿಂತೆ ಮಾಡುವ ವೈದ್ಯರಿದ್ದಾರೆ. ನಾನು ರೋಗ ಇಲ್ಲವೆಂದರೆ ಚಿಂತೆ ಮಾಡುವ ಜಾತಿ. ಉಪ್ಪಾರಹಳ್ಳಿಯ ಮನೆಯಿಂದ ಹೊರಟು, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬೀದಿಯ ತಿರುವಿನಿಂದ ವಾಪಸು ಓಡುವವಳು. “ನಿನಗೆ ಚಿಂತೆ ಇಲ್ಲ ಅಂದ್ರೆ ಯಾವುದೋ ಚಿಂತೆ ಮರೆತಿದೀಯ ಅಂತ ಅರ್ಥ,” ಎಂದು ಮನೆಯವರು ಹೇಳುತ್ತಿದ್ದರು. ಇಷ್ಟೊಂದು ಆಸ್ಪತ್ರೆಗಳಲ್ಲಿ ಒಬ್ಬರಿಗೂ ಸೂಜಿ ಚುಚ್ಚುವುದಿಲ್ಲ ಎಂದರೆ ಹೇಗೆ ನಂಬುವುದು? ಕಾರಣ ನನಗೆ ಗೊತ್ತಿಲ್ಲದ್ದೇನಲ್ಲ. ನಿಲ್ ಎಂದರೆ ಒಂದು ಮಾತಿಗೆ ಮುಗಿಯಿತು. ಒಂದು ಎಂದರೆ ಯಾರು, ಯಾವಾಗ, ಹೇಗೆ, ಯಾಕೆ, ಕೈಗವಸು ಹಾಕಿತ್ತೇ, ಇಲ್ಲವಾದರೆ ಯಾಕಿಲ್ಲ. ಅದಕ್ಕೊಂದು ವಿವರಣೆ, ವೈದ್ಯಾಧಿಕಾರಿಗಳ ಸಹಿ, ಆಮೇಲೆ ಜೀಪಿನಲ್ಲಿ ನನ್ನಂಥವಳ ಆಗಮನ. ಚುಚ್ಚಿದ ಬೆರಳನ್ನು ನಲ್ಲಿಯ ಕೆಳಗೆ ಹಿಡಿದು ಸುಮ್ಮನಾಗುವುದೇ ಎಲ್ಲರಿಗೂ ಅನುಕೂಲ.

ಎರಡು ಸಾವಿರನೇ ಇಸವಿ ದಾಟಿದ ಹೊಸದು. ಹೆಪಟೈಟಿಸ್ ಬಿ ಲಸಿಕೆ ಮಕ್ಕಳಿಗೇ ಇನ್ನೂ ನಮ್ಮಲ್ಲಿ ಪುಕ್ಕಟೆಯಾಗಿ ಸಿಗುತ್ತಿರಲಿಲ್ಲ. ಆಗ ಒಂದು ದಾನಿ ಸಂಸ್ಥೆಯವರು ಗುಬ್ಬಿ ಮತ್ತು ಕುಣಿಗಲ್ ಕಡೆಯ ಕೆಲವು ಆಸ್ಪತ್ರೆಗಳ ಕೆಲಸಗಾರರಿಗೆ ಆ ಲಸಿಕೆ ಕೊಡಲು ಮುಂದೆ ಬಂದರು. ರಕ್ತದಿಂದ ರಕ್ತಕ್ಕೆ ದಾಟಿ ಪಿತ್ತಕೋಶದ ಪಕ್ಕದ ಲಿವರನ್ನು ಹಿಡಿಯುವ ರೋಗ ಅದು. ಕೆಲವರಲ್ಲಿ ಕಾಮಾಲೆಯಾಗಿ ಬಂದು ಹೋಗುತ್ತದೆ, ಕೆಲವರಲ್ಲಿ ಹೋಗದೆ ಜೀವನಪೂರ್ತಿ ಉಳಿಯುತ್ತದೆ. ಲಸಿಕೆಯನ್ನು ತೋಳಿಗೆ ಮೂರು ಸಲ ಕೊಡಬೇಕು: ಇವತ್ತೊಂದು, ತಿಂಗಳು ಬಿಟ್ಟು ಒಂದು, ಆರು ತಿಂಗಳಿಗೆ ಇನ್ನೊಂದು. ಜವಾಬ್ದಾರಿ ನನ್ನದು. ವರ್ಷಗಟ್ಟಲೆ ಸೊನ್ನೆ ಬರೆದುಕೊಂಡವಳಿಗೆ ಒಂದು ನಿಜವಾದ ಕೆಲಸ ಸಿಕ್ಕಿತೆಂದು ಖುಷಿಪಟ್ಟೆ. ಖುಷಿಪಟ್ಟದ್ದಕ್ಕೇ ಒಂದು ಸುತ್ತು ಹೆದರಿಕೊಂಡೆ.

ಊರಿಗೆಲ್ಲ ಇಂಜೆಕ್ಷನ್ ಚುಚ್ಚುವವರು ತಮ್ಮ ತೋಳು ಕೊಡಲು ಮಾತ್ರ ಒಪ್ಪುವುದಿಲ್ಲ ಎಂಬುದು ಗುಬ್ಬಿಯಲ್ಲಿ ಮೊದಲ ದಿನವೇ ಗೊತ್ತಾಯಿತು. ಒಬ್ಬ ನರ್ಸಮ್ಮ ಬಚ್ಚಲಲ್ಲಿ ಚಿಲಕ ಹಾಕಿಕೊಂಡರು. ಆಯಾ ಒಬ್ಬರು ಸೆರಗು ಬಿಗಿದುಕೊಂಡು ಕೇಳಿದರು: “ಏನವ್ವ ಡಾಕ್ಟ್ರಮ್ಮ, ಪುಕ್ಕಟೆ ಅಂತೀರ, ಮೂರು ಸಲ ಅಂತೀರ. ಮಕ್ಳಾಗ್ದಂಗೆ ಮಾಡೋದಲ್ಲ ತಾನೆ?”

“ನಿಮಗೆ ಮೊಮ್ಮಕ್ಕಳಿದಾರಲ್ಲಮ್ಮ!”

“ನಂಗಲ್ಲ ಕಣವ್ವ, ಈ ಹುಡ್ಗೀರ್ಗೆ ಕೇಳ್ತಿವ್ನಿ.”

ಕೊನೆಗೆ ನಮ್ಮ ಜೀಪಿನ ಡ್ರೈವರ್ ಸಾಬರು ಅಂಗಿಯ ತೋಳು ಮಡಚಿ ಮುಂದೆ ಬಂದರು. ಶಿರಾ ಗೇಟಿನ ಹತ್ತಿರ ಮನೆ, ತಿಂಡಿ, ಟ್ರಾಫಿಕ್ಕು, ಮೇಲಧಿಕಾರಿಗಳು ಎಲ್ಲದರ ಮೇಲೂ ಒಂದು ಟೀಕೆ ಇಟ್ಟುಕೊಂಡಿದ್ದವರು. “ನಂಗೆ ಹಾಕಿ ಮೇಡಂ. ನಾನ್ ಸತ್ರೆ ಇವ್ರು ಯಾರೂ ಹಾಕ್ಸ್ಕೋಬೇಡಿ, ಬದುಕಿದ್ರೆ ಸುಮ್ನೆ ಲೈನಿಗೆ ಬನ್ನಿ,” ಎಂದರು. ಬದುಕಿದರು. ಸಾಲು ಕಟ್ಟಿತು.

ಕುಣಿಗಲ್ ಕಡೆಯ ಆಸ್ಪತ್ರೆಯಲ್ಲಿ ಅಷ್ಟು ಕಷ್ಟವಾಗಲಿಲ್ಲ. ಅಲ್ಲಿಯ ಹೆರಿಗೆ ವಾರ್ಡಿನ ಸಿಸ್ಟರ್ ತಾವೇ ಮೊದಲು ಕೂತು, ಮಿಕ್ಕವರನ್ನು ರಟ್ಟೆ ಹಿಡಿದು ಎಳೆತಂದರು. ಮೂವತ್ತರ ಆಸುಪಾಸಿನ ಹೆಂಗಸು, ಇಡೀ ವರಾಂಡಕ್ಕೆ ಕೇಳುವ ನಗು. ಗಂಡ ಹೈಸ್ಕೂಲು ಮೇಷ್ಟ್ರು, ಒಬ್ಬಳು ಮಗಳು. “ದಿನಾ ರಕ್ತದಲ್ಲೇ ಕೈ ತೊಳೀತೀವಲ್ರೇ, ಇದೊಂದು ಹಾಕ್ಸ್ಕೊಳ್ಳೋಕೆ ಏನ್ ರೋಗ ನಿಮ್ಗೆ?” ಎಂದು ಬೈಯುತ್ತಿದ್ದರು.

ಅಲ್ಲಿ ಲಸಿಕೆಯ ಉಸ್ತುವಾರಿ ಫಾರ್ಮಸಿಸ್ಟ್ ಒಬ್ಬರದು. ನಿವೃತ್ತಿಗೆ ಹತ್ತಿರವಾಗಿದ್ದ, ಮಿತಭಾಷಿ ಮನುಷ್ಯ. ಪೋಲಿಯೊ ಭಾನುವಾರಗಳಲ್ಲಿ ಬಸ್ ಸ್ಟ್ಯಾಂಡಿನ ಬಿಸಿಲಲ್ಲಿ ಲಸಿಕೆ ಡಬ್ಬಿಯನ್ನು ಎದೆಗೆ ಅವಚಿಕೊಂಡು ನಿಲ್ಲುತ್ತಿದ್ದರು. “ಐಸ್ ಕರಗ್ತಾ, ಲಸಿಕೆ ಸತ್ತೋಯ್ತು,” ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದರು. ಆ ಪಾಠವನ್ನು ಅವರಿಗೆ ಹೇಳಿಕೊಟ್ಟವರು ನಾವೇ, ಅಂದರೆ ಇಲಾಖೆ. ವರ್ಷಗಳ ಕಾಲ, ಪ್ರತಿ ತರಬೇತಿಯಲ್ಲೂ, ಐಸ್ ಕರಗಿದ್ದಕ್ಕೆ ಬೈದು ಬೈದು ಕಲಿಸಿದ ಪಾಠ. ಈ ಹೊಸ ಲಸಿಕೆಯ ಜೊತೆ ಮೇಲಿನಿಂದ ಬಂದ ಸುತ್ತೋಲೆಯಲ್ಲೂ ಇದ್ದದ್ದು ಅದೇ ಮಾತು: ಶೈತ್ಯವನ್ನು ಕಟ್ಟುನಿಟ್ಟಾಗಿ ಕಾಪಾಡುವುದು.

ಎರಡು ಸುತ್ತು ಮುಗಿದವು. ಒಂದೆರಡು ತಿಂಗಳ ಮೇಲೆ ಮಾಮೂಲು ಭೇಟಿಗೆಂದು ಕುಣಿಗಲ್ ಕಡೆ ಹೋದಾಗ, ಸಿಸ್ಟರ್ ಕಾಫಿ ತರಿಸಿ, ಮಾತಿನ ಮಧ್ಯೆ ಬೆರಳು ತೋರಿಸಿದರು.

“ಮೇಡಂ, ನಿಮ್ಮ ಇಂಜೆಕ್ಷನ್ ಒಳ್ಳೆ ಟೈಮಿಗೆ ಬಂತು ನೋಡಿ. ಹೋದ ತಿಂಗ್ಳು ಹೊಲಿಗೆ ಹಾಕ್ಬೇಕಾದ್ರೆ ಬಾಣಂತಿ ಕಾಲು ಒದ್ದುಬಿಟ್ಳು. ಸೂಜಿ ಗ್ಲೌಸ್ ತೂರ್ಕೊಂಡು ಇಲ್ಲಿಗೇ ಇಳೀತು. ಆಮೇಲ್ ನೋಡಿದ್ರೆ ಆಯಮ್ಮನ ಕಣ್ಣೆಲ್ಲಾ ಅರಿಶಿನ. ಬೆಂಗ್ಳೂರಿಗೆ ಕಳ್ಸಿದ್ವಿ, ಅಲ್ಲಿ ಇದೇ ಕಾಯಿಲೆ ಅಂದ್ರಂತೆ.”

“ನನಗ್ಯಾಕೆ ಹೇಳಲಿಲ್ಲ ಸಿಸ್ಟರ್?”

“ಏನ್ ಹೇಳೋದು? ಎರಡು ಡೋಸ್ ಆಗದೆಯಲ್ಲ. ಇನ್ನು ವರದಿ ಅಂತ ಕೂತ್ರೆ ಆ ಸೈನು ಈ ಸೈನು, ಅದೊಂದು ಹೆರಿಗೆಗಿಂತ ಕಷ್ಟ. ನಿಲ್ ಅಂದೆ, ನಿಮ್ಗೂ ಆರಾಮ ನಂಗೂ ಆರಾಮ.” ನಕ್ಕರು.

ನಾನೂ ನಕ್ಕೆ. ಎರಡು ಡೋಸಿಗೆ ಬಹುಪಾಲು ಜನರಲ್ಲಿ ಸಾಕಷ್ಟು ರಕ್ಷಣೆ ಹುಟ್ಟುತ್ತದೆ. ಬದುಕಿನಲ್ಲಿ ಮೊದಲ ಸಲ, ಚಿಂತೆ ಮಾಡಬೇಕಾದ ಕಡೆ ಮಾಡಬೇಕಾಗಿಲ್ಲ ಎನಿಸಿದ ಗಳಿಗೆ ಅದು. ಕಾಫಿ ಮುಗಿಸಿ, ಎದ್ದವಳು ನೇರ ಜೀಪಿಗೆ ಹೋಗದೆ, ಅಭ್ಯಾಸಬಲದಿಂದ ಲಸಿಕೆ ಕೋಣೆಯ ಕಡೆ ತಿರುಗಿದೆ.

ಅಲ್ಲಿ ಎರಡು ಪೆಟ್ಟಿಗೆಗಳಿರುತ್ತವೆ. ಒಂದು, ಲಸಿಕೆಗಳನ್ನು ಬರೀ ತಣ್ಣಗಿಡುವ ಫ್ರಿಜ್ಜು. ಇನ್ನೊಂದು, ಐಸ್ ಕಟ್ಟಿಸುವ ಡೀಪ್ ಫ್ರೀಜರು. ಫ್ರಿಜ್ಜಿನಲ್ಲಿ ನಮ್ಮ ಲಸಿಕೆ ಕಾಣಲಿಲ್ಲ.

“ಎಲ್ಲಿಟ್ಟಿದೀರಿ?”

ಫಾರ್ಮಸಿಸ್ಟ್ ಮುಖದಲ್ಲಿ ಅಪರೂಪದ ನಗೆ. ಡೀಪ್ ಫ್ರೀಜರಿನ ಮುಚ್ಚಳ ಎತ್ತಿದರು. ಐಸ್ ಪ್ಯಾಕುಗಳ ನಡುವೆ, ಶುಭ್ರವಾದ ಬಟ್ಟೆಯಲ್ಲಿ ಸುತ್ತಿ, ನಮ್ಮ ಶೀಶೆಗಳು. ಒಂದನ್ನು ತೆಗೆದು ನನ್ನ ಅಂಗೈಗಿಟ್ಟರು.

“ಕರೆಂಟು ಹೋದ್ರೆ ಆ ಫ್ರಿಜ್ಜು ಬೇಗ ಬೆಚ್ಚಗಾಗೋಗ್ತದೆ ಮೇಡಂ. ಇದು ಬೆಲೆಬಾಳೋ ಲಸಿಕೆ, ನಮ್ಮೋರಿಗೇ ಹಾಕೋದು. ಬಂದ ದಿನದಿಂದ್ಲೂ ಇಲ್ಲೇ ಇಟ್ಟಿವ್ನಿ. ನೋಡಿ, ಕಲ್ಲಿದ್ದಂಗದೆ.”

ಕಲ್ಲೇ. ಅಲುಗಿಸಿದರೆ ಒಳಗೆ ಏನೂ ಆಡಲಿಲ್ಲ.

“ಹಾಕೋ ದಿನ ಏನ್ ಮಾಡ್ತಿದ್ರಿ?”

“ಬೆಳಿಗ್ಗೆ ಬೇಗ ಬಂದು ಅಂಗೈಲಿ ಉಜ್ಜಿ ಕರಗಿಸಿ ಇಡ್ತಿದ್ದೆ. ನೀವು ಬರೋ ಹೊತ್ಗೆ ರೆಡಿ ಇರ್ಲಿ ಅಂತ.”

ಪೋಲಿಯೊ ಹನಿಗೆ ಹೆಪ್ಪುಗಟ್ಟಿದರೆ ಏನೂ ಆಗುವುದಿಲ್ಲ. ಬಿಸಿಯೇ ಅದರ ಶತ್ರು. ಈ ಲಸಿಕೆಯ ಗುಣ ತಿರುವುಮುರುವು. ತುಸು ಬಿಸಿ ತಡೆದೀತು, ಒಂದು ಸಲ ಹೆಪ್ಪುಗಟ್ಟಿದರೆ ಮುಗಿಯಿತು. ಕರಗಿಸಿದರೆ ನೋಡಲು ಹಾಲಿನಂತೆ ಬಿಳಿಯಾಗಿಯೇ ಇರುತ್ತದೆ, ಸತ್ವ ಮಾತ್ರ ಇರುವುದಿಲ್ಲ. ಅಸಡ್ಡೆಯ ಮನುಷ್ಯನಾಗಿದ್ದರೆ ಫ್ರಿಜ್ಜಿನಲ್ಲಿ ಎಸೆದು ಮರೆತುಬಿಡುತ್ತಿದ್ದ, ಲಸಿಕೆ ಉಳಿಯುತ್ತಿತ್ತು. ಗುಬ್ಬಿಯಲ್ಲಿ ಆದದ್ದು ಅದೇ ಎಂದು ಆಮೇಲೆ ನೋಡಿ ಖಚಿತ ಮಾಡಿಕೊಂಡೆ. ಇಲ್ಲಿ ಶ್ರದ್ಧೆಯೇ ಕೊಂದಿತ್ತು.

ಆದರೂ ಪರೀಕ್ಷೆ ಮಾಡದೆ ಮಾತಾಡಬಾರದು. ತುಮಕೂರಿನ ದಾಸ್ತಾನಿನಿಂದ ನಾನು ತಂದಿದ್ದ ಡಬ್ಬಿಯಲ್ಲಿ ಒಂದು ಒಳ್ಳೆಯ ಶೀಶೆ ಇತ್ತು. ಅವರದೊಂದನ್ನು ಕರಗಿಸಿ, ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ಚೆನ್ನಾಗಿ ಕುಲುಕಿ, ಕಿಟಕಿಯ ಬೆಳಕಿಗೆ ಪಕ್ಕಪಕ್ಕ ನಿಲ್ಲಿಸಿದೆ. ಒಳ್ಳೆಯ ಲಸಿಕೆಯ ಬಿಳುಪು ಬಹಳ ಹೊತ್ತು ಹಾಗೇ ಕದಡಿಕೊಂಡಿರುತ್ತದೆ. ಕೆಟ್ಟದ್ದರಲ್ಲಿ ಚೂರುಗಳು ಕಟ್ಟಿ ಬೇಗ ತಳಕ್ಕಿಳಿಯುತ್ತವೆ, ಮೇಲೆ ತಿಳಿನೀರು ನಿಲ್ಲುತ್ತದೆ. ನಾವಿಬ್ಬರೂ ಕುರ್ಚಿ ಎಳೆದುಕೊಂಡು ಕೂತು ನೋಡಿದೆವು. ಕಣ್ಣೆದುರಿಗೇ ಅವರ ಶೀಶೆ ತಿಳಿಯಾಗುತ್ತ ಬಂತು. ತಳದಲ್ಲಿ ಒಡೆದ ಹಾಲಿನಂಥ ಗಸಿ.

“ಇನ್ನೊಂದು ನೋಡಿ ಮೇಡಂ,” ಎಂದರು. ನೋಡಿದೆವು. “ಇನ್ನೊಂದು.” ಅದೂ ಅಷ್ಟೇ.

ಅವರು ಆ ಬಿಳಿ ಬಟ್ಟೆಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. “ಇಷ್ಟು ವರ್ಷ ಐಸ್ ಕರಗಿಸ್ಬ್ಯಾಡ್ರಿ ಅಂತ ಬೈದೋರು ನೀವೇ ಅಲ್ವಾ ಮೇಡಂ?”

ಹೌದು ಎಂದೆ.

ವಾರ್ಡಿಗೆ ವಾಪಸು ನಡೆಯುವ ದಾರಿ ನೆನಪಿದೆ. ಸೂಜಿ ಚುಚ್ಚಿದ ದಿನವೇ, ಹೆಚ್ಚೆಂದರೆ ಆ ವಾರದೊಳಗೆ ಕೊಡಬೇಕಾದ, ಬೆಂಗಳೂರಿನಲ್ಲಿ ಸಿಗುವ ಒಂದು ಬೇರೆ ಇಂಜೆಕ್ಷನ್ ಇದೆ. ತಯಾರಾದ ರಕ್ಷಣೆಯನ್ನೇ ಮೈಗೆ ತುಂಬುವಂಥದು. ಆ ವಾರ ಕಳೆದು ಎಷ್ಟೋ ವಾರಗಳಾಗಿದ್ದವು. ಲಸಿಕೆ ಆಗಿರದಿದ್ದರೆ ಸಿಸ್ಟರ್ ಹೆದರಿ ಓಡಿಬರುತ್ತಿದ್ದರು. ನಾವು ಕೊಟ್ಟದ್ದು ಬರೀ ಧೈರ್ಯ.

ಹೇಳಿದೆ. ಅವರು ಹೊಸ ಕೂಸೊಂದನ್ನು ತಕ್ಕಡಿಯಿಂದ ಎತ್ತುತ್ತಿದ್ದರು. ಅಜ್ಜಿಯ ಕೈಗೆ ಕೊಟ್ಟು, ಕೈ ತೊಳೆದುಕೊಂಡು ಬಂದು ನಿಂತರು.

“ಹಂಗಾದ್ರೆ ನೀರು ಹಾಕ್ಸ್ಕೊಂಡ್ನಾ ಮೇಡಂ ನಾನು?”

“ಇನ್ನೂ ಏನೂ ಆಗಿಲ್ಲದೆ ಇರಬಹುದು ಸಿಸ್ಟರ್. ಚುಚ್ಚಿಕೊಂಡವರಿಗೆಲ್ಲ ಬರೋದಿಲ್ಲ.”

“ನೀವು ಸುಳ್ಳು ಹೇಳ್ಬೇಕಾದ್ರೆ ಕನ್ನಡಕ ತೆಗೀತೀರಾ,” ಎಂದರು. ನಾನು ಕನ್ನಡಕ ಹಾಕಿಕೊಂಡೆ.

ಅಂದೇ ಒಳ್ಳೆಯ ಶೀಶೆಯಿಂದ ಒಂದು ಡೋಸ್ ಕೊಟ್ಟೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದೆ. ರೋಗವಿಲ್ಲ ಎಂದು ಬಂತು. ಹಿಗ್ಗುವಂತಿರಲಿಲ್ಲ. ರಕ್ತದಲ್ಲಿ ಕಾಣಿಸಿಕೊಳ್ಳಲು ಆ ರೋಗ ತಿಂಗಳುಗಳನ್ನು ತೆಗೆದುಕೊಳ್ಳುತ್ತದೆ. ಮತ್ತೆ ಪರೀಕ್ಷೆಯಾಗುವವರೆಗೂ ಹೆರಿಗೆ ಹಿಡಿಯಬೇಡಿ ಎಂದೆ. ಬೆನ್ನು ನೋವೆಂದು ನೆಪ ಹೇಳಿ ಅವರು ಹೊರರೋಗಿಗಳ ಕಡೆ ಡ್ಯೂಟಿ ಹಾಕಿಸಿಕೊಂಡರು.

ನಮ್ಮ ಸಾಹೇಬರ ಮುಂದೆ ಎಲ್ಲ ಹೇಳಿಕೊಂಡೆ. ಕೆಟ್ಟವರಲ್ಲ, ದಣಿದವರು. “ಈಗ ಹೋಗಿ ಮೊದಲಿನೆರಡು ಕೆಟ್ಟಿತ್ತು ಅಂತ ಹೇಳಿದ್ರೆ ಏನಾಗುತ್ತೆ ಗೊತ್ತಾ? ನಾಳೆ ಪೋಲಿಯೊ ಹನೀನೂ ಯಾರೂ ಹಾಕ್ಸಲ್ಲ. ಮೂರನೇದು ಒಳ್ಳೇದು ಹಾಕ್ಬಿಡಿ. ಅಷ್ಟಿಷ್ಟು ಕೆಲಸ ಮಾಡುತ್ತೆ.”

“ಒಂದೇ ಡೋಸು ಸಾಕಾಗಲ್ಲ ಸರ್.”

“ನಿಮಗೆ ಯಾವುದು ತಾನೇ ಸಾಕಾಗುತ್ತೆ?” ಎಂದು ಫೈಲಿನ ಕಡೆ ತಿರುಗಿದರು.

ಅಂದು ಸಂಜೆ ಶಿರಾ ಕಡೆಯ ಭೇಟಿ ಮುಗಿಸಿ ಜೀಪಿನಲ್ಲಿ ವಾಪಸು ಬರುತ್ತಿದ್ದಾಗ ಶಿರಾ ಗೇಟಿನಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡೆವು. ಸಾಹೇಬರ ಮಾತಿನಲ್ಲಿ ತಪ್ಪು ಹುಡುಕುತ್ತ ಕೂತಿದ್ದೆ. ಸಿಗುತ್ತಿರಲಿಲ್ಲ. ಸುದ್ದಿ ನಾನು ಹೇಳುವ ಮೊದಲೇ ಡ್ರೈವರ್ ಸಾಬರಿಗೆ ಮುಟ್ಟಿತ್ತು.

“ಮೇಡಂ, ನಂಗೆ ಹಾಕಿದ್ದು ಗುಬ್ಬೀದು ತಾನೆ?”

“ಗುಬ್ಬೀದೇ. ಚೆನ್ನಾಗಿದೆ.”

“ಪಕ್ಕಾ?”

“ಪಕ್ಕಾ.”

“ಅಲ್ಲಾ, ಕೇಳ್ಬಿಟ್ರೆ ನಿದ್ದೆ ಬರ್ತದಲ್ಲ, ಅದಕ್ಕೆ ಕೇಳ್ದೆ,” ಎಂದು ಹಾರನ್ ಹೊಡೆದರು.

ಕುಣಿಗಲ್ ಕಡೆಯವರೆಲ್ಲ ಕೇಳದೆಯೇ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು. ಅದೇ ನಿದ್ದೆಯಲ್ಲಿ ಇನ್ನೊಬ್ಬರ ಬೆರಳಿಗೆ ಸೂಜಿ ಇಳಿದರೆ ಅವರೂ ನಿಲ್ ಎನ್ನುತ್ತಾರೆ. ಲಾರಿ ಸರಿಯುವ ಹೊತ್ತಿಗೆ ಹೇಳಿಬಿಡುವುದೆಂದು ತೀರ್ಮಾನಿಸಿದ್ದೆ. ಧೈರ್ಯ ಎಂದು ಯಾರೂ ತಿಳಿಯಬಾರದು. ಹೇಳದೆ ಇಟ್ಟುಕೊಳ್ಳುವ ಚಿಂತೆ ಹೇಳುವ ಚಿಂತೆಗಿಂತ ದೊಡ್ಡದಾಗಿತ್ತು, ಅಷ್ಟೇ.

ಆಸ್ಪತ್ರೆಯ ವರಾಂಡದಲ್ಲಿ ಎಲ್ಲರನ್ನೂ ಕೂರಿಸಿ ಎರಡು ಶೀಶೆಗಳನ್ನೂ ಕುಲುಕಿ ತೋರಿಸಿದೆ. ಸಿಸ್ಟರ್ ವಿಷಯ ಬಿಟ್ಟು ಎಲ್ಲವನ್ನೂ ಹೇಳಿದೆ. ಮೊದಲಿನಿಂದ ಮೂರು ಡೋಸ್ ಮತ್ತೆ ಹಾಕಬೇಕೆಂದೆ.

ಲ್ಯಾಬಿನವರೊಬ್ಬರು ಕೇಳಿದರು: “ಮೊದಲ್ನೆರಡು ನೀರು. ಇದೇನು, ಎಳನೀರಾ?”

“ನಾವೇನು ಇಲಿಗಳಾ ಮೇಡಂ, ಒಂದ್ಸಲ ಚುಚ್ಚಿ ನೋಡೋಕೆ?” ಎಂದಿತು ಹಿಂದಿನಿಂದ ಒಂದು ದನಿ.

ಆಯಾ ಒಬ್ಬರು ಮಾತ್ರ ಗಂಭೀರವಾಗಿ ಕೇಳಿದರು: “ಕಾಯಿಲೆ ಮೈಯೊಳ್ಗೆ ಬಂದ್ಬುಟ್ಟಿದ್ರೆ?”

“ರಕ್ತದಲ್ಲಿ ಆಗಲೇ ಇದ್ದವರಿಗೆ ಈ ಲಸಿಕೆ ಹಾಕೋದಿಲ್ಲ. ಹಾಕಿದರೆ ತೊಂದರೆ ಏನಿಲ್ಲ, ಪ್ರಯೋಜನವೂ ಇಲ್ಲ,” ಎಂದೆ. ಸತ್ಯ ಹೇಳಲು ಹೊರಟವಳು, ಒಂದನ್ನೂ ಬಿಡಬಾರದೆಂದು ಅದನ್ನೂ ಹೇಳಿದೆ.

ಫಾರ್ಮಸಿಸ್ಟ್ ಕಂಬಕ್ಕೆ ಒರಗಿ ನಿಂತಿದ್ದರು. ಯಾರೋ “ನಮ್ ಐಸ್ ಕ್ಯಾಂಡಿ ಅಂಗ್ಡಿ ಯಜಮಾನ್ರು,” ಎಂದಾಗ ಎಲ್ಲರೂ ನಕ್ಕರು. ಅವರು ಅಲ್ಲಿಂದ ಹೋಗಲಿಲ್ಲ. ನಗು ನಿಂತ ಮೇಲೆ ಬಂದು ಲಸಿಕೆ ಕೋಣೆಯ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟರು. ವಾಪಸು ತೆಗೆದುಕೊಳ್ಳಿ ಎಂದು ಎಷ್ಟು ಹೇಳಿದರೂ ಆಮೇಲೆ ಅವರು ಅದನ್ನು ಮುಟ್ಟಲಿಲ್ಲ. ಮಾತ್ರೆ ಕೊಡುವ ಕಿಟಕಿಯ ಹಿಂದೆ ಕೂತೇ ನಿವೃತ್ತರಾದರು.

ಅಂದು ಒಬ್ಬರೂ ತೋಳು ಕೊಡಲಿಲ್ಲ. ಇನ್ನೂ ತಮಾಷೆಯೆಂದರೆ, ಲಸಿಕೆ ಚೆನ್ನಾಗಿಯೇ ಇದ್ದ ಗುಬ್ಬಿಯವರೂ ಮೂರನೆಯದಕ್ಕೆ ಬರಲಿಲ್ಲ. “ಕುಣಿಗಲ್ನೋರಿಗೆ ನೀರು ಕೊಟ್ಟೋರು ನಮ್ಗೇನ್ ಹಾಲು ಕೊಡ್ತಾರಾ?” ಎಂದರಂತೆ. ಸಾಹೇಬರು ನನ್ನನ್ನು ಕರೆಸಿ ಬೈಯಲೂ ಇಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

ಆಮೇಲೊಂದು ಸೋಮವಾರ ಸಿಸ್ಟರ್ ತಾವೇ ಫೋನ್ ಮಾಡಿದರು. “ಬರ್ಕೊಳ್ಳಿ ಮೇಡಂ. ಕಾಮಾಲೆ, ಒಂದು.”

ಊಟ ಸೇರುತ್ತಿಲ್ಲ, ಮೂತ್ರ ಕಾಫಿ ಬಣ್ಣ, ಕಣ್ಣು ಹಳದಿ. ಈ ಸಲ ರಕ್ತದಲ್ಲಿ ಸಂಶಯವಿರಲಿಲ್ಲ. ಆ ಆಸ್ಪತ್ರೆಯಿಂದ ಬಂದ ಮೊದಲ ಅಂಕಿಯನ್ನು ಹೆಸರು ಬಿಟ್ಟು ಬರೆದು ಮೇಲಕ್ಕೆ ಕಳಿಸಿದೆ. ಕೆಲವು ದಿನಗಳಲ್ಲಿ ಮೇಲಿನಿಂದ ಫೋನು: “ಒಂದು ಅಂತಿದೆ. ಕಣ್ತಪ್ಪೇನೋ, ಒಂದ್ಸಲ ನೋಡಿ.” ನೋಡಿದ್ದೇನೆ ಎಂದೆ.

ರಜೆ ಹಾಕುವ ಮುನ್ನ ಸಿಸ್ಟರ್ ಆಸ್ಪತ್ರೆಗೆ ಬಂದಿದ್ದರು. ಅವರ ಕಣ್ಣನ್ನು ಎಲ್ಲರೂ ನೋಡಿದರು. ಇಷ್ಟು ದಿನ ನಾನು ಶೀಶೆ ಕುಲುಕಿ, ಚಿತ್ರ ಬರೆದು, ಕೈ ಮುಗಿದು ಮಾಡಲಾಗದ್ದನ್ನು ಆ ಹಳದಿ ಒಂದೇ ದಿನದಲ್ಲಿ ಮಾಡಿತು. ಮುಂದಿನ ಭೇಟಿಗೆ ಹೋದಾಗ ಸಾಲು ವರಾಂಡ ದಾಟಿತ್ತು. ಎಳನೀರು ಎಂದವರು ಎಲ್ಲರಿಗಿಂತ ಮುಂದಿದ್ದರು. ಗುಬ್ಬಿಯಲ್ಲೂ ಹಾಗೇ. ಆ ದಿನಗಳಷ್ಟು ಯಶಸ್ವಿಯಾಗಿ ನಾನು ಎಂದೂ ಕೆಲಸ ಮಾಡಿಲ್ಲ, ಅಷ್ಟು ಹೇಸಿಕೊಂಡೂ ಇಲ್ಲ.

ಸಿಸ್ಟರ್ ಕಾಮಾಲೆ ಇಳಿಯಿತು. ದೊಡ್ಡವರಲ್ಲಿ ಹೆಚ್ಚಿನವರ ರಕ್ತದಿಂದ ರೋಗವೂ ಹೊರಟುಹೋಗುತ್ತದೆ. ಆರು ತಿಂಗಳ ಪರೀಕ್ಷೆ ಅದನ್ನು ಹೇಳುತ್ತದೆ. ಆ ಹೆಚ್ಚಿನವರಲ್ಲಿ ಅವರಿರಲೆಂದು ನಾನು, ದೇವರ ಜೊತೆ ಅಷ್ಟೇನೂ ಮಾತುಕತೆ ಇಲ್ಲದವಳು, ಬೇಡಿಕೊಂಡೆ. ಫಲಿತಾಂಶ ಬಂದಾಗ ಅವರ ಗಂಡ, ಅವರು, ನಾನು ಮೂವರೇ ಓದಿದೆವು. ರೋಗ ಹೋಗಿರಲಿಲ್ಲ. ಗಂಡ, ಮಗಳ ರಕ್ತ ಶುದ್ಧವಿತ್ತು. ಅವರಿಬ್ಬರಿಗೂ ಪರಿಚಯದವರಿಲ್ಲದ ಕಡೆ, ತುಮಕೂರಿನ ಒಂದು ಕ್ಲಿನಿಕ್ಕಿನಲ್ಲಿ ಲಸಿಕೆ ಹಾಕಿಸಿದೆ.

“ಅತ್ತೆಗೆ ಗೊತ್ತಾದ್ರೆ ತಟ್ಟೆ ಲೋಟ ಬೇರೆ ಇಡ್ತಾರೆ ಮೇಡಂ,” ಎಂದರು ಸಿಸ್ಟರ್. “ಆಸ್ಪತ್ರೇಲಿ ಗೊತ್ತಾದ್ರೆ ಕುರ್ಚೀನೇ ಬೇರೆ ಇಡ್ತಾರೆ. ನಾವ್ ನಮ್ಮೋರ್ನ ನೋಡಿಲ್ವಾ?”

ಬೆನ್ನು ನೋವು ಕಾಯಂ ಆಯಿತು. ಹೆರಿಗೆ ವಾರ್ಡಿಗೆ ಅವರು ಮತ್ತೆ ಹೋಗಲಿಲ್ಲ.

ಹೊಸ ಸುತ್ತಿನ ಕೊನೆಯ ಡೋಸಿನ ದಿನ. ಮೊದಲಿನೆರಡರ ಹೊತ್ತಿಗೆ ಸಿಸ್ಟರ್ ಇನ್ನೂ ರಜೆಯಲ್ಲಿದ್ದರು. ನಾನೇ ಚುಚ್ಚುತ್ತಿದ್ದೆ. ಸಿಸ್ಟರ್ ಆಚೆ ಮೂಲೆಯಲ್ಲಿ ಹತ್ತಿ ಹರಿದುಕೊಡುತ್ತ ಕೂತಿದ್ದರು. ಸಾಲಿನಿಂದ ಆ ಗಂಭೀರ ಆಯಾ ಕೂಗಿದರು: “ಸಿಸ್ಟರಮ್ಮಂಗೆ ಮೊದ್ಲು ಹಾಕಿ ಡಾಕ್ಟ್ರೇ. ಪಾಪ, ನಮ್ಮೆಲ್ಲರ್ಗಿಂತ ಅನ್ಬವ್ಸವ್ರೆ.”

ಎಲ್ಲರೂ ತಿರುಗಿದರು. ಕಾಯಿಲೆ ರಕ್ತದಲ್ಲಿದ್ದವರಿಗೆ ಹಾಕುವುದಿಲ್ಲ ಎಂದು ಇದೇ ವರಾಂಡದಲ್ಲಿ, ಇವರಿಗೇ ಹೇಳಿಕೊಟ್ಟವಳು ನಾನು. ಬೇಡ ಎಂದು ತಲೆಯಾಡಿಸಿದರೆ ಸಾಕಿತ್ತು, ಮಿಕ್ಕದ್ದು ಅವರಿಗೇ ತಿಳಿಯುತ್ತಿತ್ತು.

ಸಿಸ್ಟರ್ ಎದ್ದು ಬಂದು ಸ್ಟೂಲಿನ ಮೇಲೆ ಕೂತು ರವಿಕೆಯ ತೋಳು ಮಡಚಿದರು. ನನ್ನ ಮುಖ ನೋಡಲಿಲ್ಲ. ನಾನು ಶೀಶೆ ಕುಲುಕಿದೆ. ಒಳ್ಳೆಯ ಲಸಿಕೆ, ಹಾಲಿನಂತೆ ಒಂದೇ ಸಮ. ಅಳತೆಗೆ ಸರಿಯಾಗಿ ಎಳೆದುಕೊಂಡು, ಗುಳ್ಳೆ ಕಳೆದು, ತೋಳಿನ ಸ್ನಾಯುವಿಗೆ ಇಳಿಸಿದೆ. ಅದರಿಂದ ಏನೂ ಆಗುವುದಿಲ್ಲವೆಂದು ಆ ವರಾಂಡದಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಅವರು ಹತ್ತಿ ಒತ್ತಿಕೊಂಡು ಎದ್ದು, ವರಾಂಡಕ್ಕೆಲ್ಲ ಕೇಳುವಂತೆ ನಕ್ಕರು.

“ಇರುವೆ ಕಚ್ಚಿದಷ್ಟೂ ಆಗ್ಲಿಲ್ಲ ಕಣ್ರೇ. ಬನ್ನಿ, ಬನ್ನಿ, ಯಾರದು ಮುಂದೆ?”

ಸಾಲು ಒಂದು ಹೆಜ್ಜೆ ಮುಂದೆ ಬಂತು.